ನಡುಮನೆಯ ಬೀಗ: ಹೂವಿನ ಹಿಪ್ಪರಗಿಯಿಂದ ಕಂಡ ಪಂಚಾಯತ್ ಚರಿತ್ರೆ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಪ್ರಜಾಪ್ರಭುತ್ವದ ಮಾತು ಬಂದರೆ ಅದು ನೇರ ಅನುಭವ ಮಂಟಪಕ್ಕೆ ಹೋಗಿ ನಿಲ್ಲುತ್ತದೆ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಆ ಅಭಿಮಾನ ಸಹಜ. ಆದರೆ ಇದೇ ತಾಲ್ಲೂಕಿನ ಹೂವಿನ ಹಿಪ್ಪರಗಿಯವರಿಗೆ ಮತದ ಹಕ್ಕು ದಕ್ಕಿದ ಕಥೆ ತೀರ ಈಚಿನದು. 1884ರ ಮುಂಬಯಿ ಲೋಕಲ್ ಬೋರ್ಡ್ ಕಾಯ್ದೆಯ ಕಾಲಕ್ಕೆ ಮತವಿದ್ದದ್ದು ಉಳ್ಳವರಿಗೆ ಮಾತ್ರ. ಕೂಲಿಕಾರರೂ ಹೆಣ್ಣುಮಕ್ಕಳೂ ಒಂದೇ ಹಕ್ಕಿನಿಂದ ಪಾಳಿ ಹಚ್ಚಿದ್ದು 1951–52ರ ಮಹಾಚುನಾವಣೆಯಲ್ಲಿ.

ಮುಂದೆ ಈ ಊರಿನ ಹೆಸರಿನಲ್ಲೇ ವಿಧಾನಸಭಾ ಕ್ಷೇತ್ರವಿತ್ತು. 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಿಂದ ಅದು ಅಳಿಯಿತು. ದೇವರ ಹಿಪ್ಪರಗಿ ಹೆಸರಿನ ಕ್ಷೇತ್ರ ಹುಟ್ಟಿತು. ಹೆಸರು ಹೋದರೂ ಮತ ಉಳಿಯಿತು. ಮತ ಹಾಕುವ ಅವಕಾಶವೇ ತಪ್ಪಿದ್ದು ಊರಿಗೂ ವಿಧಾನಸೌಧಕ್ಕೂ ನಡುವಿನ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ.

ಈ ನಡುಮನೆಯನ್ನು ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದವರು ಅಬ್ದುಲ್ ನಜೀರ್‌ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ತಂದು ‘ನೀರ್‌ಸಾಬ್’ ಎನಿಸಿಕೊಂಡ ಸಚಿವರು. ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು, ಶೇ. 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ದೇಶವೇ ತಿರುಗಿ ನೋಡಿದ ಪ್ರಯೋಗವದು. ಆದರೂ 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಜಿಲ್ಲಾ ಪಂಚಾಯಿತಿಗೆ ಜನ ಮತ್ತೆ ಮತ ಹಾಕಿದ್ದು 1995ರಲ್ಲಿ.

ಇಂಥ ಬೀಗಮುದ್ರೆ ಮರುಕಳಿಸಬಾರದೆಂದೇ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ 243ಇ ವಿಧಿ.

ಮರುಕಳಿಸಿತು. 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳಲ್ಲಿ ವರ್ಷಗಳು ಉರುಳಿದವು. ದಂಗೆಯಿಲ್ಲ, ತುರ್ತುಸ್ಥಿತಿಯಿಲ್ಲ, ತಾರೀಖು ಮಾತ್ರ ಗೊತ್ತಾಗಲಿಲ್ಲ. ಶಾಲೆಯ ಮಾಳಿಗೆ ಸೋರಿದರೆ, ಕುಡಿಯುವ ನೀರಿನ ಯೋಜನೆ ಅರ್ಧಕ್ಕೆ ನಿಂತರೆ, ಸಾಮಾನ್ಯ ಸಭೆಯಲ್ಲಿ ಎದ್ದು ಅಧಿಕಾರಿಯನ್ನು ಕೇಳುವ ಸದಸ್ಯರಿಲ್ಲ. ಪ್ರಜಾಪ್ರಭುತ್ವ ಸವೆಯುವ ಬಗೆಗಳಲ್ಲಿ ಇದು ಎಲ್ಲಕ್ಕಿಂತ ಸದ್ದಿಲ್ಲದ್ದು, ಆದ್ದರಿಂದಲೇ ಹೆಚ್ಚು ಅಪಾಯದ್ದು.

ಚೇತರಿಕೆಯ ದಾರಿಯೂ ಇದೇ ಚರಿತ್ರೆಯಲ್ಲಿದೆ. ಕೋವಿಡ್ ನೆಪದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಮುಂದಕ್ಕೆ ಹೋದಾಗ ಹೈಕೋರ್ಟ್ ಪಟ್ಟು ಸಡಿಲಿಸಲಿಲ್ಲ; 2020ರ ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆಯಿತು. ಕೆಲವೆಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಕೆಟ್ಟ ಸುದ್ದಿಯೂ ಬಂತು. ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಆದರೆ ಮತಗಟ್ಟೆಯೊಳಗಿನ ನೋಟವೇ ಬೇರೆ. ಬೀದರ್ ಜಿಲ್ಲೆಗೆ ಮಾತ್ರ ಮತಯಂತ್ರ. ವಿಜಯಪುರ ಜಿಲ್ಲೆಯ ಹಳ್ಳಿಗಳಿಗೆ ಕಾಗದದ ಮತಪತ್ರ. ಅದರಲ್ಲಿ ಪಕ್ಷದ ಗುರುತಿಲ್ಲ. ಸುಮಾರು 400 ಜನಕ್ಕೊಬ್ಬ ಸದಸ್ಯ, ಹಾಗಾಗಿ ಅಭ್ಯರ್ಥಿಗಳೆಲ್ಲ ಓಣಿಯವರೇ. ಮುದ್ರೆ ಒತ್ತಿ, ಶಾಯಿ ಅತ್ತಿತ್ತ ಹತ್ತದಂತೆ ಮಡಚಿ, ಪೆಟ್ಟಿಗೆಯ ಸೀಳಿನಲ್ಲಿ ಇಳಿಬಿಡಬೇಕು. ಡಿಸೆಂಬರ್ 30ರಂದು ಆ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಎಣಿಸುವಷ್ಟರಲ್ಲಿ ಹಲವೆಡೆ ರಾತ್ರಿಯಾಗಿತ್ತು.