ಬೆರಳು ಕೊಟ್ಟ ಅರಸ

ಸೇಡಂ ಸೀಮೆಯ ನಮಗೆ ಮಳಖೇಡ ಎಂದರೆ ಕಾಗಿಣಾ ದಂಡೆಯ ಹಾಳು ಕೋಟೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಒಕ್ಕಲು ಬೆಳೆಯಲ್ಲಿ ಆರನೆಯ ಒಂದು ಪಾಲು ಕೊಡಬೇಕು, ಅರಸ ಕಾಯಬೇಕು. ಧರ್ಮಶಾಸ್ತ್ರಗಳು ಹೇಳುವ ಅರಸೊತ್ತಿಗೆಯ ಕರಾರು ಇಷ್ಟೇ. ನಾಡಿನ ಕಂಟಕ ಕಳೆಯಲು ಅಮೋಘವರ್ಷ ನೃಪತುಂಗ ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಕ್ರಿ.ಶ. 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಹೊಗಳಿಕೆಯೇ ಇರಬಹುದು; ಆದರೂ ಅರಸನೆಂದರೆ ಹೇಗಿರಬೇಕೆಂಬ ಜನರ ಆಸೆ ಅದರಲ್ಲಿದೆ. ಸಿಂಹಾಸನ ಹುಟ್ಟಿನಿಂದ ಬರುತ್ತದೆ, ಬೆರಳು ಕೊಡುವ ಮನಸ್ಸು ಬರುವುದಿಲ್ಲ. 972ರಲ್ಲಿ ಪರಮಾರ ಸೀಯಕ ಇದೇ ಊರನ್ನು ಸೂರೆಮಾಡಿದ. ಕಾಯಬೇಕಾದ ಅರಸನಿಂದ ತಡೆಯಲಾಗಲಿಲ್ಲ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳಿಕೆಯೂ ಮುಗಿಯಿತು. 1952ರ ಚುನಾವಣೆಯಲ್ಲಿ ಇಲ್ಲಿಯ ಹೆಣ್ಣುಮಕ್ಕಳೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಅಂದಿನಿಂದ ಕಾಯುವವರನ್ನು ಆರಿಸುವ ಹೊಣೆ ನಮ್ಮದೇ, ಅಕ್ಕಾ. ಯಾರದೋ ಮಾತು ಕೇಳಿ ಆ ಬೆರಳನ್ನು ಒತ್ತೆಯಿಡಬಾರದು.