ಅಡ್ಮಿನ್ ಹಕ್ಕಿಲ್ಲದೆ ಇನ್‌ಸ್ಟಾಲ್: ಅನುಮತಿ ದೋಷಗಳು ಸಾಗಿಬಂದ ದಾರಿ

ತಂತ್ರಾಂಶ ಹಾಕಿಕೊಳ್ಳುವಾಗ ಎದುರಾಗುವ ‘ಅನುಮತಿ ಇಲ್ಲ’ ಎಂಬ ಸಂದೇಶದ ಬೇರು ಯೂನಿಕ್ಸ್‌ನಲ್ಲಿದೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ 1970ರ ದಶಕದಲ್ಲಿ ಸರ್ವಾಧಿಕಾರವೆಲ್ಲ ‘ರೂಟ್’ ಖಾತೆಗೆ ಸೇರಿತ್ತು. ಉಳಿದವರ ಒಡೆತನ ತಂತಮ್ಮ ಹೋಮ್ ಡೈರೆಕ್ಟರಿಗೆ ಸೀಮಿತ. ಸಾರ್ವಜನಿಕ ಫೋಲ್ಡರಿಗೆ ಕೈಹಾಕಲಾಗದವರು ಸೋರ್ಸ್ ಕೋಡ್ ತಂದು ತಮ್ಮ ಡೈರೆಕ್ಟರಿಯಲ್ಲೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು. 1980ರ ಸುಮಾರಿಗೆ ಬಫಲೋದ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಸುಡೊ’, ಆಯ್ದ ಆದೇಶಗಳಿಗೆ ಮಾತ್ರ ರೂಟ್ ಅಧಿಕಾರವನ್ನು ಎರವಲು ಕೊಡತೊಡಗಿತು.

ವಿಂಡೋಸ್ ಬೇರೆಯೇ ಹಾದಿ ಹಿಡಿಯಿತು. 1993ರ ಎನ್‌ಟಿ ಆವೃತ್ತಿಯಲ್ಲೇ ಕಡತಗಳಿಗೆ ಅನುಮತಿ ವ್ಯವಸ್ಥೆ ಇದ್ದರೂ ವಿಂಡೋಸ್ 95, 98ಗಳಲ್ಲಿ ಅದು ಇರಲಿಲ್ಲ. 2001ರ ಎಕ್ಸ್‌ಪಿಯಲ್ಲೂ ಮನೆ ಬಳಕೆದಾರರು ಸಾಮಾನ್ಯವಾಗಿ ಅಡ್ಮಿನ್‌ಗಳೇ. ಹಾಗಾಗಿ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೇ ಸೆಟ್ಟಿಂಗ್ ಬರೆಯುವ ಚಟ ಪ್ರೋಗ್ರಾಮರುಗಳಿಗೆ ಅಂಟಿತು. 2007ರಲ್ಲಿ ವಿಸ್ಟಾ ಜೊತೆ, ಅಡ್ಮಿನ್ ಹಕ್ಕಿಗೆ ಒಪ್ಪಿಗೆ ಕೇಳುವ ಯುಎಸಿ ಬಂದಾಗ ಆ ಚಟದ ಸಾಲ ತೀರಿಸಬೇಕಾಯಿತು. ಹಳೆಯ ಪ್ರೋಗ್ರಾಂಗಳು ನಿಂತುಹೋಗದಿರಲೆಂದು ಮೈಕ್ರೋಸಾಫ್ಟ್ ಅಂಥ ಬರವಣಿಗೆಯನ್ನು ಗುಟ್ಟಾಗಿ ಬಳಕೆದಾರರ ವರ್ಚುವಲ್‌ಸ್ಟೋರ್ ಫೋಲ್ಡರಿಗೆ ತಿರುಗಿಸಿತು. ಕಡತ ಉಳಿದಂತೆ ಕಾಣುತ್ತದೆ, ಆದರೆ ಅದೇ ಪ್ರೋಗ್ರಾಂ ಅಡ್ಮಿನ್ ಆಗಿ ಓಡಿದರೆ ಹಳೆಯ ಪ್ರತಿಯೇ ಸಿಗುತ್ತದೆ! ಇನ್ನೊಂದು ವಿಚಿತ್ರವೂ ಇದೆ: ತನಗೆ ಬೇಕಾದ ಹಕ್ಕಿನ ಮಟ್ಟವನ್ನು ಘೋಷಿಸದ 32 ಬಿಟ್ ಪ್ರೋಗ್ರಾಂ ಒಂದರ ಹೆಸರಿನಲ್ಲಿ ‘ಸೆಟಪ್’ ಅಥವಾ ‘ಅಪ್‌ಡೇಟ್’ ಇದ್ದರೆ ವಿಂಡೋಸ್ ಅದನ್ನು ಇನ್‌ಸ್ಟಾಲರ್ ಎಂದು ಊಹಿಸಿ ಅಡ್ಮಿನ್ ಪಾಸ್‌ವರ್ಡ್ ಕೇಳಬಹುದು. ತಾನೇ ಬರೆದ ನಿರುಪದ್ರವಿ ಪ್ರೋಗ್ರಾಂ ಓಡದಿದ್ದರೆ ಮೊದಲು ಹೆಸರು ಬದಲಿಸಿ ನೋಡುವುದು ಲೇಸು.

ನಿಜವಾದ ತಿರುವು ಬಂದದ್ದು ಇನ್‌ಸ್ಟಾಲ್ ಆಗುವ ಜಾಗವೇ ಬದಲಾದಾಗ. 2008ರಲ್ಲಿ ಬಂದ ಕ್ರೋಮ್ ಬ್ರೌಸರ್ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನಲ್ಲೇ ಕೂತು ಅಡ್ಮಿನ್ ಪ್ರಶ್ನೆಯನ್ನೇ ತಪ್ಪಿಸಿತು; 2018ರಲ್ಲಿ ವಿಎಸ್ ಕೋಡ್ ಕೂಡ ‘ಯೂಸರ್ ಸೆಟಪ್’ ಕೊಟ್ಟಿತು. ಪೈಥಾನ್ ಲೋಕದಲ್ಲಿ 2007ರ ವರ್ಚುವಲ್‌ಎನ್ವ್ ಪ್ರತಿ ಯೋಜನೆಗೂ ಪ್ರತ್ಯೇಕ ಪ್ಯಾಕೇಜ್ ಫೋಲ್ಡರ್ ಕೊಟ್ಟಿತು, 2012ರ 3.3 ಆವೃತ್ತಿಯಿಂದ ಆ ಸೌಲಭ್ಯ ಭಾಷೆಯೊಳಗೇ ಸೇರಿತು. ಹಾಗೆಯೇ ಬಳಕೆದಾರರ ಫೋಲ್ಡರಿನಲ್ಲೇ ಕೂರುವ ಆವೃತ್ತಿ ನಿರ್ವಾಹಕ ಎನ್‌ವಿಎಂ ನೋಡ್‌ಗೆ 2010ರಲ್ಲಿ, ಪ್ಯಾಕೇಜ್ ನಿರ್ವಾಹಕ ಸ್ಕೂಪ್ ವಿಂಡೋಸ್‌ಗೆ 2013ರಲ್ಲಿ ಬಂದವು.

ಆದರೂ ಎಲ್ಲಕ್ಕೂ ಅಡ್ಮಿನ್ ಅಧಿಕಾರ ಬಳಸುವ ಹಳೆಯ ಚಟ ಬಿಡಲಿಲ್ಲ. ನೋಡ್‌ನ ಪ್ಯಾಕೇಜ್ ನಿರ್ವಾಹಕ ಎನ್‌ಪಿಎಂ ಅನುಮತಿ ದೋಷ ಕೊಟ್ಟಾಗ ಹಿಂದೆಮುಂದೆ ನೋಡದೆ ಸುಡೊ ಸೇರಿಸುವುದು ಇದರ ಮಾದರಿ. ಆ ಹೊತ್ತಿಗೆ ಕೆಲಸ ಆಗುತ್ತದೆ, ಆದರೆ ಕೆಲವು ವ್ಯವಸ್ಥೆಗಳಲ್ಲಿ ಹೋಮ್ ಡೈರೆಕ್ಟರಿಯ ಕ್ಯಾಶ್ ಫೋಲ್ಡರ್ ರೂಟ್ ಹೆಸರಿಗೆ ಹೋಗಿ ಮುಂದಿನ ಪ್ರತಿ ಇನ್‌ಸ್ಟಾಲ್ ಕೂಡ ಮುಗ್ಗರಿಸುತ್ತದೆ. ಸುಡೊ ಕೈಯಲ್ಲಿಲ್ಲದವರು ಆ ಫೋಲ್ಡರನ್ನು ಅಳಿಸಲಾರರು. ಆದರೆ ಹೋಮ್ ಡೈರೆಕ್ಟರಿ ತಮ್ಮದೇ ಆದ್ದರಿಂದ ಆ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಡಬಹುದು. ಎನ್‌ಪಿಎಂ ಹೊಸದೊಂದನ್ನು ಕಟ್ಟಿಕೊಳ್ಳುತ್ತದೆ. ಗ್ಲೋಬಲ್ ಪ್ಯಾಕೇಜುಗಳ ಪ್ರಿಫಿಕ್ಸನ್ನು ಹೋಮ್ ಡೈರೆಕ್ಟರಿಗೆ ತಿರುಗಿಸಿ, ಅದರ ಬಿನ್ ಫೋಲ್ಡರನ್ನು ಪಾತ್‌ಗೆ ಸೇರಿಸಿದರೆ ಮತ್ತೆ ಸುಡೊ ಬೇಕಾಗದು. ವಿಂಡೋಸ್‌ನಲ್ಲಿ ಪಾತ್ ತಿದ್ದಲು ಸೆಟ್‌ಎಕ್ಸ್ ಆದೇಶ ಬಳಸುವವರು ಎಚ್ಚರದಿಂದಿರಬೇಕು: 1024 ಅಕ್ಷರ ದಾಟಿದ್ದನ್ನು ಅದು ಕತ್ತರಿಸಿಬಿಡುತ್ತದೆ.

ಕಂಟೇನರ್ ಓಡಿಸುವ ಡಾಕರ್‌ನ ಪಯಣವೂ ಹೀಗೆಯೇ. 2013ರಲ್ಲಿ ಬಂದಾಗ ಹಿನ್ನೆಲೆಯಲ್ಲಿ ಓಡುವ ಅದರ ಡೀಮನ್ ರೂಟ್ ಆಗಿಯೇ ಓಡಬೇಕಿತ್ತು. ಡಾಕರ್ ಗುಂಪಿಗೆ ಒಬ್ಬರನ್ನು ಸೇರಿಸುವುದೆಂದರೆ ಯಂತ್ರದ ಬೀಗದ ಕೈ ಕೊಟ್ಟಂತೆಯೇ. ರೂಟ್ ಬೇಡದ ವಿಧಾನ 2019ರಲ್ಲಿ ಪ್ರಾಯೋಗಿಕವಾಗಿ, 2020ರ ಕೊನೆಗೆ ಪೂರ್ಣವಾಗಿ ಬಂತು.

ಜಾಗ ಬದಲಿಸಿದರೂ ಬಗೆಹರಿಯದ ಕೆಲವು ತೊಡಕುಗಳು ಉಳಿದಿವೆ. ಡ್ರೈವರ್ ಹಾಗೂ ಯಂತ್ರಮಟ್ಟದ ಸರ್ವಿಸ್‌ಗಳಿಗೆ ಅಡ್ಮಿನ್ ಬೇಕೇ ಬೇಕು. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ಸಾಮಾನ್ಯವಾಗಿ ಸಿಗದು, ಆದರೆ 8080 ಬಳಸಿದರೆ ಕೆಲಸ ನಡೆಯುತ್ತದೆ. ನೋಎಕ್ಸೆಕ್ ಎಂದು ಮೌಂಟ್ ಆದ ಡಿಸ್ಕಿನಲ್ಲಿ ಕಡತದ ಅನುಮತಿ ಸರಿಯಿದ್ದರೂ ಪ್ರೋಗ್ರಾಂ ಓಡುವುದಿಲ್ಲ. ವಿಂಡೋಸ್ 7ರೊಂದಿಗೆ ಬಂದ ಆ್ಯಪ್‌ಲಾಕರ್ ನಿಯಮಗಳು ಆ್ಯಪ್‌ಡೇಟಾದಂಥ ಫೋಲ್ಡರುಗಳಿಂದ ಪ್ರೋಗ್ರಾಂ ಓಡಿಸುವುದನ್ನೇ ತಡೆಯಬಲ್ಲವು. ಅದು ಸಂಸ್ಥೆಯ ನಿರ್ಧಾರ. ಕಡತದ ಪೂರ್ಣ ಪಾತ್ ಮತ್ತು ದೋಷಸಂದೇಶದೊಂದಿಗೆ ಐಟಿ ವಿಭಾಗಕ್ಕೆ ಬರೆಯುವುದಷ್ಟೇ ಡೆವಲಪರ್‌ಗೆ ಉಳಿಯುವ ದಾರಿ.