ಹೇನು ಜಾತಿ ಕೇಳಲ್ಲ



ಕಾಮಾಕ್ಷಿಪಾಳ್ಯದಲ್ಲಿ ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಮಿಸ್ಸು "ನಿನ್ ತಲೇಲಿ ಹೇನಿದೆ" ಅಂತ ಒಬ್ಬನನ್ನೇ ಕೊನೇ ಬೆಂಚಿಗೆ ಕಳಿಸಿದ್ರು. ತಲೆ ನೋಡಿರಲಿಲ್ಲ, ನಮ್ಮ ಬೀದಿ ಯಾವುದು ಅಂತ ಗೊತ್ತಿತ್ತು, ಅಷ್ಟೇ. ರಾತ್ರಿ ಅವ್ವ ಸೀರಣಿಗೆ ಹಾಕಿ ಬಾಚಿದಳು. ಒಂದು ಹೇನೂ ಸಿಗಲಿಲ್ಲ.

ಹೇನಿನ ಚರಿತ್ರೆಯೇ ಬೇರೆ. ಇಸ್ರೇಲಿನ ಲಾಕೀಶ್‌ನಲ್ಲಿ ಸಿಕ್ಕ, ಸುಮಾರು 3,700 ವರ್ಷ ಹಳೆಯ ಬಾಚಣಿಗೆಯ ಮೇಲೆ ತಲೆ, ಗಡ್ಡದ ಹೇನು ತೊಲಗಲಿ ಅನ್ನೋ ಹಾರೈಕೆ ಕೆತ್ತಿದೆ. 2022ರಲ್ಲಿ ಈ ಬರಹ ಬೆಳಕಿಗೆ ಬಂತು. ಬಾಚಣಿಗೆ ಆನೆದಂತದ್ದು. ಅಂದ್ರೆ ಸಿರಿವಂತರ ತಲೆಯಲ್ಲೂ ಹೇನಿತ್ತು.

ದೂರ ಕೂರಿಸಿದ ಚರಿತ್ರೆ ಮಾತ್ರ ನಮ್ಮ ದೇಶದ್ದು. ಸಾತಾರಾ ಶಾಲೆಯಲ್ಲಿ ಬಾಲಕ ಭೀಮರಾವ್ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಕೂರಬೇಕಿತ್ತು. ಕ್ಷೌರಿಕರು ಮುಟ್ಟುತ್ತಿರಲಿಲ್ಲ, ಕೂದಲು ಕತ್ತರಿಸುತ್ತಿದ್ದವಳು ಅಕ್ಕ. ಅಲ್ಲಿ ಹೇನಿನ ನೆಪವೂ ಬೇಕಿರಲಿಲ್ಲ.

ಟೀಚರುಗಳೇ, ತಾಯಂದಿರೇ, ಮೊದಲು ನೋಡಿ, ಆಮೇಲೆ ಮಾತಾಡಿ. ಒದ್ದೆ ಕೂದಲಿಗೆ ಕಂಡೀಷನರ್ ಹಚ್ಚಿ, ಬುಡದಿಂದ ಸೀರಣಿಗೆಯಲ್ಲಿ ಬಾಚಿ. ಜೀವಂತ ಹೇನು ಸಿಕ್ಕರೆ ಚಿಕಿತ್ಸೆ. ಬರೀ ಸೀರು ಹಳೇದಿರಬಹುದು. ಡಾಕ್ಟರನ್ನು ಕೇಳಿ 1% ಪರ್ಮೆಥ್ರಿನ್ ಲೋಷನ್ ಹಚ್ಚಿ. ಉಳಿದ ಸೀರು ಒಡೆದು ಮರಿಯಾಗುತ್ತೆ, ಅದಕ್ಕೇ 9ನೇ ದಿನ ಮತ್ತೊಮ್ಮೆ. ಮನೆಮಂದಿಯ ತಲೆಯನ್ನೂ ನೋಡಿ. ಸೀಮೆಎಣ್ಣೆ ಮಾತ್ರ ಬೇಡ, ಬೆಂಕಿ ಹತ್ತೀತು.

ಹೇನು ಹಾರಲ್ಲ, ನೆಗೆಯಲ್ಲ. ತಲೆಗೆ ತಲೆ ತಾಗಿದರೆ ಹತ್ತುತ್ತೆ. ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ವಾರಗಳಿಂದ ಅಲ್ಲೇ ಇರುತ್ತೆ. ಆಮೇಲೆ ಬೇರೆ ಕೂರಿಸಿದರೆ ಹೇನು ಹೋಗಲ್ಲ, ಮಗುವಿನ ಮಾನ ಹೋಗುತ್ತೆ.

ಜೈಭೀಮ್.